ತೆರೆಯದೆ ಮರಳಿದ ಲಕೋಟೆ

ಕಳೆದ ವಾರ ಬಿಜೈಯ ನಮ್ಮ ಮನೆಯಲ್ಲಿ ಕಪಾಟನ್ನು ತೆರವು ಮಾಡುವಾಗ ಹಳೆಯ ಕಡತಗಳ ಅಡಿಯಿಂದ ಒಂದು ಕಂದು ಲಕೋಟೆ ಹೊರಬಂತು. ಒಳಗೆ ಬಟ್ಟೆ ಅಂಟಿಸಿದ ದಪ್ಪ ಲಕೋಟೆ. ಹಿಂಬದಿಯಲ್ಲಿ ಐದು ಕಡೆ ಕೆಂಪು ಅರಗಿನ ಮುದ್ರೆ, ಒಂದೊಂದರ ಮೇಲೂ ಶಂಖದ ಗುರುತು. ಮೂಗಿನ ಹತ್ತಿರ ಹಿಡಿದಾಗ ಸುಟ್ಟ ಅರಗಿನ ವಾಸನೆ ಇನ್ನೂ ಇದೆಯೆಂದು ಅನ್ನಿಸಿತು. ಇರಲಾರದು, ಇಷ್ಟು ವರ್ಷಗಳ ಮೇಲೆ... ಆದರೆ ಆ ಶಂಖ ಯಾರ ಉಂಗುರದ್ದೆಂದು ನೆನಪಿಸಿಕೊಳ್ಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಅವರನ್ನು ನಾವೆಲ್ಲ ಧಣಿಗಳು ಎಂದೇ ಕರೆಯುತ್ತಿದ್ದೆವು. ಪ್ರಥಮ ದರ್ಜೆಯ ಸರಕಾರಿ ಗುತ್ತಿಗೆದಾರರು. ಅವರ ಕೈಕೆಳಗೆ ನಾನು ಹನ್ನೊಂದು ವರ್ಷ ದುಡಿದೆ. ನಕ್ಷೆ ಓದಲು, ನದಿಯ ಏರಿಳಿತ ನೋಡಿ ಕೆಲಸದ ಹೊತ್ತು ಗೊತ್ತುಪಡಿಸಲು, ಟೆಂಡರಿನ ಷರತ್ತುಗಳ ಅಡಿಯಲ್ಲಿ ಗೆರೆ ಎಳೆದು ಓದಲು ಕಲಿಸಿದವರು ಅವರೇ. ಈ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಟೆಂಡರು ಸೋಲುವುದು ದರದಲ್ಲಿ ಅಲ್ಲ, ಕಾಗದದಲ್ಲಿ. ಒಂದೊಂದು ಕಾಗದವನ್ನೂ ಮೂರು ಸಲ ಓದಬೇಕು ಎನ್ನುತ್ತಿದ್ದರು.

ಬೆಂಗ್ರೆಯಲ್ಲಿ ಫೆರಿ ದೋಣಿಗಳು ತಂಗುವ ಜೆಟ್ಟಿಯ ಕೆಲಸ ಅವರಿಗೆ ಸಿಕ್ಕಿದಾಗ ಅದನ್ನು ಇಡಿಯಾಗಿ ನನಗೆ ಬಿಟ್ಟುಕೊಟ್ಟರು. ಅಷ್ಟರಲ್ಲಿ ನಾನೂ ಗುತ್ತಿಗೆದಾರನಾಗಿ ನೋಂದಾಯಿಸಿಕೊಂಡಿದ್ದೆ. ಆಳುಗಳು ನನ್ನವರು, ಸಾಮಗ್ರಿ ನನ್ನದು. ಇಳಿತದ ಹೊತ್ತಿನಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಕಂಬಗಳ ನೇರ ನೋಡಿದವನು ನಾನು. ಧಣಿಗಳು ಅಲ್ಲಿಗೆ ಬಂದದ್ದು ಮೂರು ಸಲ: ತೆಂಗಿನಕಾಯಿ ಒಡೆಯಲು, ಇಂಜಿನಿಯರರೊಂದಿಗೆ ಪರಿಶೀಲನೆಗೆ, ಮತ್ತೆ ಉದ್ಘಾಟನೆಗೆ. ಕಲ್ಲಿನ ಮೇಲೆ ಗುತ್ತಿಗೆದಾರರೆಂದು ಅವರ ಹೆಸರೇ ಬಂತು. ಅದು ಪದ್ಧತಿ. ನಾನು ಆಗ ಬೇಸರಿಸಲಿಲ್ಲ.

ಎರಡು ವರ್ಷದ ಬಳಿಕ ನದಿಯ ಮೇಲ್ಭಾಗದಲ್ಲಿ ಅಂಥದೇ ಇನ್ನೊಂದು ಜೆಟ್ಟಿಗೆ ಟೆಂಡರು ಕರೆದರು. ನನ್ನ ಸ್ವಂತ ಹೆಸರಿನಲ್ಲಿ ನಾನು ಹಾಕಲು ಹೊರಟ ಮೊದಲ ಟೆಂಡರು ಅದು. ಒಂದನ್ನು ಬಿಟ್ಟು ಎಲ್ಲ ಅರ್ಹತೆಯೂ ನನಗಿತ್ತು. ನೀರಿನೊಳಗೆ ಅಡಿಪಾಯ ಹಾಕಿದ ಒಂದು ಕಾಮಗಾರಿಯನ್ನಾದರೂ ಮುಗಿಸಿದ್ದಕ್ಕೆ ಪುರಾವೆ ಬೇಕಿತ್ತು. ಉಪಗುತ್ತಿಗೆಯಲ್ಲಿ ಮಾಡಿದ್ದರೆ ಮೂಲ ಗುತ್ತಿಗೆದಾರರ ಪತ್ರ ಸಾಕಿತ್ತು. ಪತ್ರವಿಲ್ಲದಿದ್ದರೆ ಕೆಲಸವಿಲ್ಲ, ಕೆಲಸ ಸಿಗದಿದ್ದರೆ ಮುಂದೆಂದೂ ಪತ್ರವಿಲ್ಲ. ಜೀವಮಾನವಿಡೀ ಇನ್ನೊಬ್ಬರ ಹೆಸರಿನ ಕಲ್ಲಿಗಾಗಿ ದುಡಿಯುವುದೇ ಉಳಿಯುತ್ತಿತ್ತು.

ಕೇಳಿದ ಕೂಡಲೇ ಧಣಿಗಳು ಒಪ್ಪಿದರು. ಟೆಂಡರು ಸಲ್ಲಿಸುವ ಕೊನೆಯ ದಿನ ಬೆಳಗ್ಗೆ ನನ್ನ ಎರಡು ಲಕೋಟೆಗಳನ್ನು ಅವರ ಚಾವಡಿಗೆ ಒಯ್ದೆ. ಒಂದು ಅರ್ಹತೆಯ ದಾಖಲೆಗಳದ್ದು, ಇನ್ನೊಂದು ದರದ್ದು. ಮೊದಲನೆಯದು ಒಪ್ಪಿಗೆಯಾದರೆ ಮಾತ್ರ ಎರಡನೆಯದನ್ನು ತೆರೆಯುವುದು ನಿಯಮ. ಧಣಿಗಳು ಮಡಚಿದ ಪತ್ರವನ್ನು ತಾವೇ ಮೊದಲನೆಯದರ ಒಳಗಿಟ್ಟರು. ಮೊಂಬತ್ತಿ ಹಚ್ಚಿ ಅರಗು ಕರಗಿಸಿ, ಎರಡೂ ಲಕೋಟೆಗಳ ಮೇಲೆ ತಮ್ಮ ಉಂಗುರ ಒತ್ತಿದರು.

"ನನ್ನ ಶಂಖ ಬಿದ್ದ ಟೆಂಡರು ಇಷ್ಟರವರೆಗೆ ಸೋತದ್ದುಂಟಾ?" ಎಂದು ನಕ್ಕರು.

ಉಳಿದ ಕಾಗದಗಳನ್ನೆಲ್ಲ ನಾನು ಮೂರು ಸಲ ಓದಿದ್ದೆ. ಅದೊಂದನ್ನು ಓದಲಿಲ್ಲ. ಧಣಿಗಳು ಕೊಟ್ಟ ಪತ್ರವನ್ನು ಅವರೆದುರೇ ಬಿಚ್ಚಿ ನೋಡುವುದೆಂದರೆ... ನಮ್ಮಲ್ಲಿ ಅದು ಆಗುವ ಮಾತಲ್ಲ. ಅದು ಅವರಿಗೂ ತಿಳಿದಿತ್ತು.

ಲಕೋಟೆ ತೆರೆದ ದಿನ ಅಧಿಕಾರಿ ಆ ಪತ್ರವನ್ನು ಎಲ್ಲರೆದುರು ಓದಿದರು. "ಇವರು ಬೆಂಗ್ರೆಯ ಕಾಮಗಾರಿಯಲ್ಲಿ ನನ್ನ ಮೇಸ್ತ್ರಿಯಾಗಿದ್ದರು, ಕೆಲಸದಲ್ಲಿ ಪ್ರಾಮಾಣಿಕರು." ಅಷ್ಟೇ. ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಯಾರೆಂದು ನನಗೆ ಇಂದಿಗೂ ನೆನಪಿದೆ. ಮೇಸ್ತ್ರಿಗೆ ಅರ್ಹತೆಯಿಲ್ಲ. ದರದ ಲಕೋಟೆಯನ್ನು ತೆರೆಯದೆ ಮರಳಿಸಿ, ಪಡೆದುಕೊಂಡದ್ದಕ್ಕೆ ಸಹಿ ಹಾಕಿಸಿಕೊಂಡರು.

ಅಲ್ಲಿಂದ ನೇರ ಧಣಿಗಳ ಮನೆಗೆ ಹೋದೆ. ಚಾ ತರಿಸಿದರು. ನಾನು ಮುಟ್ಟಲಿಲ್ಲ.

"ನೀನು ನನ್ನ ಕೈಕೆಳಗೆ ಇದ್ದದ್ದು ಸುಳ್ಳಾ?" ಎಂದರು. "ಇಲಾಖೆಗೆ ತಿಳಿಸದೆ ನಿನಗೆ ಕೆಲಸ ಬಿಟ್ಟುಕೊಟ್ಟದ್ದು. ಅದನ್ನು ನಾನೇ ಬರೆದು ಕೊಟ್ಟರೆ ಮತ್ತೆ ನನ್ನ ಲೈಸೆನ್ಸ್ ಉಂಟಾ?"

"ಆಗುವುದಿಲ್ಲ ಅಂತ ಅವತ್ತೇ ಹೇಳಬಹುದಿತ್ತಲ್ಲ ಧಣಿಗಳೇ."

"ಹೇಳಿದ್ದರೆ ನಿನಗೆ ಬೇಸರ ಆಗ್ತಿತ್ತು ಮಾರಾಯ."

ನಾನು ಎದ್ದು ಬಂದೆ. ಲೈಸೆನ್ಸಿನ ಭಯ ನನಗೆ ಅರ್ಥವಾಗುತ್ತದೆ. ಇಲಾಖೆಗೆ ತಿಳಿಸದೆ ಕೆಲಸ ಬಿಟ್ಟುಕೊಡಬಾರದೆಂಬ ಷರತ್ತನ್ನು ನಾನೂ ಯೋಚಿಸಬೇಕಿತ್ತು, ಒಪ್ಪುತ್ತೇನೆ. ಆದರೆ ಅಂಥ ಪತ್ರವನ್ನು ಒಳಗಿಟ್ಟು, ಅರಗು ಆರುವವರೆಗೆ ಕಾದು, ಅಷ್ಟು ಜೋಪಾನವಾಗಿ ಐದು ಸಲ ಉಂಗುರ ಒತ್ತಿದ ಆ ಕೈ... ಅದನ್ನು ನಾನು ಕ್ಷಮಿಸಿಲ್ಲ. ಆಮೇಲೆ ಅವರ ಮನೆಯಿಂದ ಎರಡು ಮದುವೆಗಳ ಕಾಗದ ಬಂತು. ಎರಡಕ್ಕೂ ಹೋಗಲಿಲ್ಲ. ಬಜಪೆಯ ಕಡೆ ಶಾಲೆಯ ಆವರಣ ಗೋಡೆ, ರಸ್ತೆ ಬದಿಯ ಚರಂಡಿ ಕಟ್ಟಿಸುತ್ತ ವರ್ಷಗಳನ್ನು ಕಳೆದೆ. ನದಿಯಲ್ಲಿ ಮತ್ತೆ ಒಂದು ಕಂಬವನ್ನೂ ಊರಲಿಲ್ಲ.

ಹೋದ ತಿಂಗಳು ಧಣಿಗಳು ತೀರಿಕೊಂಡರು. ಉತ್ತರಕ್ರಿಯೆಗೆ ಹೇಳಿಕೆ ಬಂತು. ಆ ದಿನ ನಾನು ಅಲ್ಲಿಗೆ ಹೋಗದೆ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಜೆಟ್ಟಿ ಗಟ್ಟಿಯಾಗಿದೆ, ಕಂಬಗಳಲ್ಲಿ ಒಂದೂ ವಾಲಿಲ್ಲ. ಅಲ್ಲೇ ಕುಳಿತು ಬಲೆ ಸರಿಪಡಿಸುತ್ತಿದ್ದವರೊಬ್ಬರನ್ನು, ಇದನ್ನು ಕಟ್ಟಿದವರು ಯಾರು ಎಂದು ಕೇಳಿದೆ. ಅವರು ತಲೆಯೆತ್ತದೆ ಕಲ್ಲಿನ ಕಡೆ ಕೈ ತೋರಿಸಿದರು.

"ಅಲ್ಲಿ ಬರೆದದ್ದುಂಟಲ್ಲ."

ಅಲ್ಲವೆಂದು ಹೇಳಲು ನನ್ನ ಬಳಿ ಏನಿತ್ತು? ಅದನ್ನು ಕಟ್ಟಿದವನು ನಾನೆಂದು ಬರೆದುಕೊಡಬಹುದಾಗಿದ್ದ ಒಬ್ಬರೇ ಒಬ್ಬರು ಈಗ ಇಲ್ಲ. ಇಷ್ಟು ವರ್ಷ ಅವರ ಮೇಲೆ ಸಿಟ್ಟು ಹೊತ್ತಿದ್ದೆನೆಂದುಕೊಂಡಿದ್ದೆ. ಎಂದಾದರೂ ಆ ಒಂದು ಸಾಲನ್ನು ಬರೆದಾರೆಂದು ಕಾದೂ ಇದ್ದೆನೆಂಬುದು ಅಲ್ಲಿ ನಿಂತಾಗ ತಿಳಿಯಿತು.

ಕಳೆದ ವಾರ ಸಿಕ್ಕ ಆ ದರದ ಲಕೋಟೆಯನ್ನು ಒಡೆಯಲಿಲ್ಲ, ಇದ್ದ ಜಾಗದಲ್ಲೇ ಇಟ್ಟೆ. ಒಂದು ಮುದ್ರೆಯ ಅಂಚು ಮುರಿದು ಕಪಾಟಿನಲ್ಲಿ ಬಿದ್ದಿತ್ತು. ಆ ಚೂರನ್ನೂ ಹೆಕ್ಕಿ, ಕಾಗದದಲ್ಲಿ ಸುತ್ತಿ, ಜೊತೆಗಿಟ್ಟೆ.