ಬೆಳ್ಳಿಯೊಳಗಿನ ಮಾಲೆ

ಗುಡಿಯ ಸಮಿತಿಯ ಅಧ್ಯಕ್ಷರಿಗೆ ದೇವಿಯ ಮೇಲಿದ್ದ ಭಕ್ತಿಗಿಂತ ದೇವಿಯ ಪಕ್ಕ ನಿಂತ ತಮ್ಮ ಫೋಟೋದ ಮೇಲೆ ಭಕ್ತಿ ಒಂದು ಗುಲಗಂಜಿ ತೂಕ ಹೆಚ್ಚು. ನೂರಾರು ವರ್ಷದ ಕಲ್ಲಿನ ದೇವಿ ಅವರ ಕಣ್ಣಿಗೆ ಕಪ್ಪಗೆ, ಬಡಕಲಾಗಿ ಕಂಡಳು. ಬೆಳ್ಳಿ ಕವಚ ಮಾಡಿಸಲು ಹೊರಟರು. ಅದರ ಪಾದದ ಬಳಿ ತಮ್ಮ ಹೆಸರು ಕೆತ್ತಿಸುವುದನ್ನು ಮೊದಲೇ ಗೊತ್ತುಮಾಡಿಕೊಂಡರು.

ಗುಡಿಗೆ ಮಾಲೆ ಕಟ್ಟಿಕೊಡುವ ಹೂವಿನಣ್ಣನಿಗೆ ಇದು ಸರಿಬರಲಿಲ್ಲ. ದಿನದ ಮೊದಲ ಮಾಲೆ ದೇವಿಯ ಮೈಗೆ ತಾಗಿದ ಮೇಲೆಯೇ ಪೂಜೆ ಎಂಬುದು ಆ ಗುಡಿಯ ಹಳೆಯ ಕಟ್ಟಳೆ. ಆ ಮಾಲೆ ಕಟ್ಟಿದ್ದು ಅವನಜ್ಜ, ಅವನಪ್ಪ, ಆಮೇಲೆ ಅವನು.

ಕವಚದ ಅಳತೆಯನ್ನು ಬೆಳಗಿನ ಜಾವ, ದೇವಿಯ ಸ್ನಾನದ ಹೊತ್ತಿನಲ್ಲಿ ಬರಿಮೈಗೆ ತೆಗೆಯಬೇಕು. ಅಧ್ಯಕ್ಷರಿಗೆ ಅಷ್ಟು ಬೇಗ ಎದ್ದು ಅಭ್ಯಾಸವಿಲ್ಲ. ಹನ್ನೊಂದು ಗಂಟೆಗೆ ಅಕ್ಕಸಾಲಿಗನೊಂದಿಗೆ ಬಂದರು. ಪೂಜಾರಿ ಸೀರೆ, ಮಾಲೆಗಳ ಮೇಲೆಯೇ ದಾರ ಸುತ್ತಿದ.

"ಸ್ವಾಮಿ, ನನ್ನ ಮಾಲೆನೂ ಸೇರಿಸಿ ಅಳೀತಿದ್ದೀರಿ" ಎಂದ ಹೂವಿನಣ್ಣ ಹೊಸ್ತಿಲಾಚೆಯಿಂದ.

"ನಿನ್ನ ಕೆಲಸ ಹೂ ಕಟ್ಟೋದು" ಎಂದರು ಅಧ್ಯಕ್ಷರು. "ಕವಚ ಬಂದ್ಮೇಲೆ ಅದೂ ಬೇಡ. ಹೂವಿಗೆ ಬರೀ ಇರುವೆ ಮುತ್ತುತ್ತೆ."

ಕವಚ ಬಂತು. ಬರಿಗಲ್ಲಿನ ಮೇಲೆ ಹಾಕಿದರೆ, ಕಡ್ಡಿಯಂಥ ಹುಡುಗನಿಗೆ ದೊಡ್ಡಣ್ಣನ ಅಂಗಿ ತೊಡಿಸಿದ ಹಾಗೆ ಲೊಡಲೊಡ ಅಲ್ಲಾಡಿತು. ಮಂಗಳಾರತಿಯ ಗಂಟೆ ಬಾರಿಸಿದರೆ ದೇವಿಯ ಭುಜ ನಡುಗುತ್ತಿತ್ತು. ನಾಲ್ಕನೆಯ ದಿನ ಪೂಜಾರಿ ತಲೆ ತುರಿಸಿಕೊಳ್ಳುತ್ತ ಹೂವಿನಣ್ಣನ ಮನೆಗೆ ಬಂದ.

"ಒಳಗೆ ಏನಾದ್ರೂ ತುರುಕಬೇಕಲ್ಲ ಮಾರಾಯ. ಬಾಡಿದ ಹೂ ಇದ್ರೂ ಸಾಕು."

ಹೂವಿನಣ್ಣ ಮಾಲೆ ಕಟ್ಟುವ ನಾರು ನೆನೆಹಾಕಿದ. ಮಾರನೆಯ ಬೆಳಗ್ಗೆಯಿಂದ ಹನ್ನೆರಡು ವರ್ಷ, ಜ್ವರ ಬಂದರೂ ಬಿಡದೆ, ಬೆಳ್ಳಿಯೊಳಗೆ ಒಂದು ಮಾಲೆ ಹೋಯಿತು. ಮೊಗ್ಗು ಆರಿಸಿ, ತೊಟ್ಟು ಸಮ ಮಾಡಿ, ಹಿಂದಿನಂತೆಯೇ ಕಟ್ಟುತ್ತಿದ್ದ. ಗೆಳೆಯನೊಬ್ಬ ರೇಗಿಸಿದ್ದುಂಟು: "ಯಾರು ನೋಡ್ತಾರೆ ಅಂತ ಇಷ್ಟು ನಾಜೂಕು?"

"ಹಾಕ್ಕೊಳ್ಳೋಳಿಗೆ ಗೊತ್ತಾಗಲ್ವೇನೋ?" ಎಂದಿದ್ದ.

ಹೂವಿನಣ್ಣ ಹೋದ ತಿಂಗಳು ತೀರಿಕೊಂಡ. ಒಳಗೆ ತುರುಕಲು ಮಾಲೆಯಿಲ್ಲದೆ ಪೂಜಾರಿ ಕವಚವನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟ. ಎರಡು ವಾರಕ್ಕೆ ಗುಡಿಯಲ್ಲೇ ಸಂತಾಪ ಸಭೆ. ಫೋಟೋ ಕಳೆಗಟ್ಟಲೆಂದು ಅಧ್ಯಕ್ಷರು ಕವಚ ಹಾಕಿಸಿದರು. ಬದುಕಿದ್ದಾಗ ಅವನ ಮುಖ ನೋಡಿ ಮಾತಾಡದವರು ಅರ್ಧ ಗಂಟೆ ಹೊಗಳಿದರು. "ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅಂತಾರೆ. ನಮ್ಮ ದೇವಿ ಸಹವಾಸದಿಂದ ಈ ಬಡವನೂ ಹಾಗೇ" ಎಂದು ಅವನ ಹೆಂಡತಿಗೆ ಶಾಲು ಹೊದಿಸಿದರು. ಚಪ್ಪಾಳೆಯ ಸದ್ದಿಗೋ ಏನೋ, ಹಿಂದೆ ಕವಚ ಸರ್ರನೆ ಜಾರಿತು. ಬೆಳ್ಳಿಯ ಮುಖ ದೇವಿಯ ಹೊಟ್ಟೆಯ ಹತ್ತಿರ ಬಂದು ನಿಂತಿತು. ಫೋಟೋದಲ್ಲಿ ಅದೂ ಬಿತ್ತು.

ಸಂಜೆ ಪೂಜಾರಿ ಮತ್ತೆ ಅದೇ ಮನೆಯ ಬಾಗಿಲಲ್ಲಿ. "ಅಕ್ಕಾ, ಅವನು ಕಟ್ಟಿಕೊಡ್ತಿದ್ನಲ್ಲ, ಹಾಗೇ ನೀವೂ..."

"ಕಟ್ತೀನಿ, ನನ್ನ ಕೈಗೇನಾಗಿದೆ" ಎಂದಳು ಆಕೆ. "ಎಲ್ಲರಿಗೂ ಕಾಣೋ ಹಾಗೆ ಕಲ್ಲಿನ ಮೇಲೆ ಹಾಕೋದಾದ್ರೆ ನಾಳೆನೇ ಬನ್ನಿ. ಬೆಳ್ಳಿ ಒಳಗೆ ತುರುಕೋಕಾದ್ರೆ ಒಂದು ನಿಮಿಷ ತಾಳಿ."

ಒಳಗೆ ಹೋಗಿ, ಸಭೆಯಲ್ಲಿ ಹೊದಿಸಿದ ಶಾಲನ್ನು ಮಡಿಚಿ ತಂದು ಅವನ ಕೈಗಿಟ್ಟಳು.

"ಇದನ್ನೇ ತುರುಕಿ, ದಪ್ಪ ಇದೆ. ಅಳತೆಗೆ ಸರಿಹೋಗುತ್ತೆ."