ದಂಡೆ ಬಿಟ್ಟು ಗೆದ್ದ ಪ್ರಮಿಳಾ

ನಂದಗಡದ ಪ್ರಮಿಳಾ ನನ್ನ ಅಣ್ಣನ ಮಗಳು. ಖಾನಾಪುರದ ಮಲಪ್ರಭೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು ಈಗ ಬೆಳಗಾವಿಯ ಟಿಳಕವಾಡಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಮೂವತ್ತೆಂಟು ತುಂಬಿದ ವರ್ಷ, ಒಬ್ಬರೇ ಕೂತು ಹುಟ್ಟು ಹಾಕುವ ಕಯಾಕ್ ಎಂಬ ಕಿರುದೋಣಿಯಲ್ಲಿ ಕಾರವಾರದಿಂದ ಮಂಗಳೂರಿಗೆ ಕಡಲಲ್ಲೇ ಹೋಗುತ್ತೇನೆಂದು ಹಟ ಹಿಡಿದಳು. ನಮ್ಮ ಕುರುಬರ ಓಣಿಯಲ್ಲಿ ಗಂಡಸರೂ ಕನಸಿನಲ್ಲಿ ಎಣಿಸದ ಕೆಲಸ.

"ಅಲ್ಲೇನ ಕುರಿ ಮೇಸಾಕ ಐತೇನ?" ಎಂದು ಬಾಜು ಮನೆಯ ಭೀಮಕ್ಕ ಕುಟುಕಿದಳು.

"ಕುರಿ ಇಲ್ಲದ ಜಾಗಾ ಒಂದರ ನೋಡೂಣು ಅಂತ ಹೊಂಟೇನಿ, ಅತ್ತಿ."

ಅವಳು ಹಾಕಿಕೊಂಡ ಕರಾರು ಒಂದೇ. ನೀರಿನಲ್ಲಿ ಯಾರಾದರೂ ನೆರವಿಗೆಂದು ಒಮ್ಮೆ ಮುಟ್ಟಿದರೂ ಪಯಣ ರದ್ದು.

ಮೊದಲ ವರ್ಷ ಬೆಂಗಾವಲಿನ ದೋಣಿಯಲ್ಲಿ ನಾನೂ ಇದ್ದೆ. ಹೊನ್ನಾವರದ ಹತ್ತಿರ ಗಾಳಿ ಎದ್ದಿತು. ನಾವು ಹೊಳೆಯ ಮಂದಿ. ಹೆದರಿಕೆಯಾದರೆ ದಂಡೆ ಹಿಡಿಯುವುದೇ ನಮಗೆ ಗೊತ್ತಿದ್ದ ವಿದ್ಯೆ. "ದಂಡಿಗೆ ಹೊಡಿ, ಪಮ್ಮಿ" ಎಂದು ಒದರಿದವನು ನಾನೇ. ಹೊಡೆದಳು. ದಂಡೆಯ ಹತ್ತಿರ ಅಲೆಗಳು ಗೋಡೆಯಂತೆ ಎದ್ದು ಒಡೆಯುತ್ತಿದ್ದವು. ಕಯಾಕ್ ಮಗುಚಿ ಬಿತ್ತು. ದೋಣಿ ನಡೆಸುತ್ತಿದ್ದ ಕಾರವಾರದ ಸಂಜಯ ಅವಳ ರಟ್ಟೆ ಹಿಡಿದು ಎತ್ತಿಕೊಂಡ. ಅಲ್ಲಿಗೆ ಮುಗಿಯಿತು.

"ಸಮುದ್ರಕ್ಕೆ ಹಲ್ಲಿರೋದು ದಡದಲ್ಲಿ, ಮಾಮಾ" ಎಂದ ಸಂಜಯ. "ಗಾಳಿ ಎದ್ದರೆ ಆಳಕ್ಕೆ ಹೋಗಬೇಕು."

ಊರಿಗೆ ಬರುವಾಗ ನನ್ನ ಮುಖ ಸುಟ್ಟ ಬದನೆಕಾಯಿಯಾಗಿತ್ತು. "ನಾನ ಕೆಡಿಸಿದೆನವಾ" ಎಂದೆ.

"ಹುಟ್ಟು ನನ್ನ ಕೈಯಾಗ ಇತ್ತು, ಕಾಕಾ. ನೀವು ಬರೇ ಒದರಿದ್ರಿ."

ಮರುವರ್ಷ ಮತ್ತೆ ಹೊರಟೆವು. ಹಗಲೆಲ್ಲ ಹುಟ್ಟು ಹಾಕುವುದು, ಸಂಜೆ ಯಾವುದಾದರೂ ಬಂದರಿನಲ್ಲಿ ತಂಗುವುದು. ಅಂಗೈಯಲ್ಲಿ ಬೊಕ್ಕೆಗಳು ಎದ್ದು ಒಡೆದು ಮತ್ತೆ ಎದ್ದವು. ನಾವು ಒಯ್ದ ಕಟಕ ರೊಟ್ಟಿ ಉಪ್ಪುಗಾಳಿಗೆ ತೊಗಲಿನಂತಾದವು, ಅವನ್ನೇ ಜಗಿದಳು.

ಎಂಟನೆಯ ದಿನ ಮಲ್ಪೆ ದಾಟಿದ ಮೇಲೆ ಅದೇ ಗಾಳಿ. ದಂಡೆ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ನಾನು ತಲೆಗೆ ಸುತ್ತಿದ ಪಟಗದ ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವಳು ದಂಡೆಯನ್ನು ಒಂದು ಸಲ ನೋಡಿದಳು. ಆಮೇಲೆ ಕಯಾಕಿನ ಮೂತಿ ತಿರುಗಿಸಿದ್ದು ಪಡುವಣಕ್ಕೆ, ನೆಲವೇ ಇಲ್ಲದ ಕಡೆಗೆ. ಅಲೆ ಏರಿದಾಗ ಅವಳ ಕೆಂಪು ಟೊಪ್ಪಿಗೆ ಕಾಣುತ್ತಿತ್ತು, ಇಳಿದಾಗ ಇಲ್ಲ. ಎರಡು ತಾಸು ಹೀಗೇ. ಗಾಳಿ ಸೋತಿತು, ಅವಳು ಸೋಲಲಿಲ್ಲ.

"ನೀರು ಕುಡದಿ ಏನವಾ?" ಎಂದು ಕೂಗಿದೆ.

"ಹೊಟ್ಟಿ ತುಂಬ ಕುಡದೇನಿ, ಕಾಕಾ. ಬರೇ ಉಪ್ಪ ಹೆಚ್ಚಾಗೈತಿ."

ಕೊನೆಯ ದಿನ ನಾನು ದೋಣಿ ಬಿಟ್ಟು ಮುಂಚೆಯೇ ಬಂದು ಮಂಗಳೂರಿನ ದಂಡೆಯಲ್ಲಿ ಅವಳ ತಾಯಿ ಸತ್ಯವ್ವ ವೈನಿಯ ಜೊತೆ ನಿಂತಿದ್ದೆ. ಪ್ರಮಿಳಾ ಒಡೆಯುವ ಅಲೆಗಳ ಆಚೆಗೇ ಅರ್ಧ ತಾಸು ಕಾದಳು. ದೊಡ್ಡದೊಂದು ಅಲೆ ಮುರಿದು ಬಿದ್ದದ್ದೇ ಅದರ ಬೆನ್ನ ಹಿಂದೆ ಬಾಣದಂತೆ ನುಗ್ಗಿ ಬಂದಳು. ಮೊಣಕಾಲುದ್ದ ನೀರಿನಲ್ಲಿ ಇಳಿದರೆ ಕಾಲು ನಿಲ್ಲುತ್ತಿಲ್ಲ. ವೈನಿ ಕೈ ಚಾಚಿ ಓಡಿದಳು.

"ಮುಟ್ಟಬ್ಯಾಡ ಯವ್ವಾ. ಒಣಾ ಉಸುಕು ಬರಲಿ."

ವೈನಿ ಕೈ ಹಿಂದಕ್ಕೆ ಕಟ್ಟಿಕೊಂಡು ಮಗಳ ಜೊತೆ ಜೊತೆಗೇ ನಡೆದಳು. ಪ್ರಮಿಳಾ ಬಗ್ಗಿ, ಎಡವಿ, ಒಬ್ಬಳೇ ಕಯಾಕನ್ನು ಒಣ ಉಸುಕಿನ ಮೇಲಕ್ಕೆ ಎಳೆದಳು. ಆಮೇಲೆ ಹಗ್ಗದ ತುದಿಯನ್ನು ತಾಯಿಯ ಕೈಗೆ ಕೊಟ್ಟಳು.

"ಈಗ ಹಿಡಿ."