ಖಾರದ ಪುಡಿ ಉಸಿರಿಗಿಳಿದಾಗ

ಜಿಗಣಿಯ ಒಂದು ಮಸಾಲೆ ಕಾರ್ಖಾನೆಯಲ್ಲಿ ಖಾರದ ಪುಡಿಯ ಬಣ್ಣ, ತೇವ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಮೊದಲ ವಾರ ಸೀನಿ ಸೀನಿ ಪಕ್ಕೆ ನೋಯುತ್ತಿತ್ತು. ಗಿರಣಿಯ ಮುಂದೆ ನಿಲ್ಲುತ್ತಿದ್ದ ಕೊಪ್ಪಳದ ಕಡೆಯ ಹೆಂಗಸು ಮಾತ್ರ ಮೂಗಿಗೊಂದು ಬಟ್ಟೆಯನ್ನೂ ಕಟ್ಟದೆ ನಗುತ್ತಿದ್ದಳು. "ನನಗೇನೂ ಆಗಂಗಿಲ್ರೀ ಅಕ್ಕಾ. ಮೂಗಿಗೆ ರೂಢಿ ಆಗೇತಿ."

ನಾನೂ ನಂಬಿದೆ. ಎರಡು ತಿಂಗಳಲ್ಲಿ ನನ್ನ ಸೀನೂ ನಿಂತಿತು.

ಆ ಮಳೆಗಾಲದಲ್ಲಿ ಅವಳಿಗೆ ನೆಗಡಿ, ಜ್ವರ ಬಂತು. ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಕೆಮ್ಮು ಬರಲು ಖಾರವೇ ಬೇಕೆಂದಿರಲಿಲ್ಲ. ಊದುಬತ್ತಿಯ ಹೊಗೆ, ತಣ್ಣನೆ ಗಾಳಿ, ಕೊನೆಗೆ ಜೋರಾಗಿ ನಕ್ಕರೂ ಸಾಕು, ಬಗ್ಗಿ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು. ಬರಬರುತ್ತಾ ನಗುವುದನ್ನೇ ಬಿಟ್ಟಳು.

ಒಂದು ಬೆಳಿಗ್ಗೆ ಧೂಳು ಹೊರಗೆಳೆಯುವ ಫ್ಯಾನು ಕೆಟ್ಟಿತು. "ಒಂದರ್ಧ ಗಂಟೆ ಅಡ್ಜಸ್ಟ್ ಮಾಡ್ಕೊಳ್ರಮ್ಮ" ಎಂದ ಮೇಲ್ವಿಚಾರಕ. ಅವಳು ಕೆಮ್ಮುತ್ತಲೇ ಇದ್ದಳು. ಹತ್ತು ನಿಮಿಷಕ್ಕೆ ಆ ಸದ್ದು ನಿಂತುಹೋಯಿತು. ನನಗೆ ಹೆದರಿಕೆಯಾಗಿದ್ದು ಆಗಲೇ. ತಿರುಗಿ ನೋಡಿದರೆ ಗೋಡೆಗೆ ಕೈಯಾನಿಸಿ ನಿಂತಿದ್ದಳು. ತುಟಿ ನೀಲಿಗಟ್ಟಿತ್ತು, ಎದೆಯೊಳಗೆ ಸಿಳ್ಳೆಯಂಥ ಶಬ್ದ. ಅವಳನ್ನು ಹೆಗಲಿಗೊರಗಿಸಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋದೆ.

ಆಮ್ಲಜನಕ ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು ನನ್ನನ್ನು ಕರೆದು ಹಿಂದಿನದೆಲ್ಲ ಕೇಳಿ ತಿಳಿದುಕೊಂಡರು.

"ಶ್ವಾಸನಾಳದಲ್ಲಿ ಸಣ್ಣ ಸಣ್ಣ ನರ ಇರ್ತವೆ. ಖಾರ ತಾಗಿದ್ರೆ ಅವು ನ್ಯೂರೋಪೆಪ್ಟೈಡ್ ಅನ್ನೋ ವಸ್ತು ಬಿಡ್ತವೆ. ಅದರಿಂದ ನಾಳ ಬಿಗಿಯುತ್ತೆ, ಊದುತ್ತೆ, ಕಫ ಕಟ್ಟುತ್ತೆ. ಆ ವಸ್ತೂನ ಒಡೆದುಹಾಕೋ ಕಿಣ್ವಾನೂ ಅಲ್ಲೇ ಇರುತ್ತೆ. ಆ ಜ್ವರ, ಈ ಧೂಳು ಸೇರಿ ಆ ಕಿಣ್ವಾನ ಕಮ್ಮಿ ಮಾಡಿರಬಹುದು, ಅದಕ್ಕೇ ಸ್ವಲ್ಪ ತಾಗಿದ್ರೂ ನಾಳ ಬಿಗಿಯುತ್ತೆ. ನಮಗೂ ಪೂರ್ತಿ ಗೊತ್ತಿಲ್ಲ."

"ಅವಳಿಗೆ ಖಾರ ರೂಢಿಯಾಗಿತ್ತಲ್ಲ ಸಾರ್?"

"ರೂಢಿ ಆಗಿದ್ದು ಮೂಗಿಗೆ ಕಣಮ್ಮಾ. ಅದು ಎಚ್ಚರಿಸೋದು ನಿಲ್ಲಿಸಿತ್ತು, ಅಷ್ಟೇ. ನೀವೂ ಅಲ್ಲೇ ಕೆಲಸ ಮಾಡೋದಾ?"

ಹೌದೆಂದೆ. ಸ್ಟೆತಸ್ಕೋಪು ತೆಗೆದುಕೊಂಡು, "ಉಸಿರು ಎಳ್ಕೊಳ್ಳಿ" ಎಂದರು. ಬೆನ್ನಿನ ಒಂದೇ ಜಾಗದಲ್ಲಿ ಮೂರು ಸಲ ಒತ್ತಿ ಕೇಳಿದರು. ಆಮೇಲೆ ಶ್ವಾಸಕೋಶದ ಒಂದು ಪರೀಕ್ಷೆಗೆ ಬರೆದುಕೊಟ್ಟರು.

ಅವಳು ಬದುಕಿಕೊಂಡಳು. ಈಗ ಬೊಮ್ಮಸಂದ್ರದಲ್ಲಿ ಬಟ್ಟೆ ಹೊಲಿಯುತ್ತಾಳೆ, ಇನ್‌ಹೇಲರ್ ಇಲ್ಲದೆ ಬಾಗಿಲು ದಾಟುವುದಿಲ್ಲ. ನಾನೂ ಆ ತಿಂಗಳೇ ಕೆಲಸ ಬಿಟ್ಟೆ. ಆದರೂ ಮೆಟ್ರೋದಲ್ಲಿ ಪಕ್ಕದವರ ಸೆಂಟಿನ ವಾಸನೆ ಬಡಿದಾಗ ಗಂಟಲೊಳಗೆ ಏನೋ ಮೆಲ್ಲಗೆ ಬಿಗಿಯುತ್ತದೆ. ಕಂಬಿ ಹಿಡಿದು, ಮುಂದಿನ ನಿಲ್ದಾಣದವರೆಗೂ ಉಸಿರು ಎಣಿಸುತ್ತೇನೆ.